ಮೂರುದಾರಿಯ ನಿವಾಳಿ

ಗುಡಗೇರಿ
ತಾ. ೧೫-೧೨-೧೯೭೬

ಪ್ರೀತಿಯ ಮಗ ಕುಬೇರಪ್ಪನಿಗೆ ನಿನ್ನ ಅಪ್ಪನ ಆಶೀರ್ವಾದ.

ಹಾವೇರಿಯಲ್ಲಿ ನಿನ್ನ ಆರೋಗ್ಯ ಹೇಗಿದೆ? ಖಾನಾವಳಿ ಊಟದಿಂದ ಹೊಟ್ಟೆ ಕೆಡುತ್ತದೆ ಎಂದು ಬರೆದಿದ್ದೆ, ಈಗ ಕಡಿಮೆಯಾಯಿತೋ? ದನದ ದವಾಖಾನೆಯಲ್ಲಿ ಊರ ದನಗಳಿಗೆಲ್ಲ ಔಷಧ ಕುಡಿಸುವವನು ನೀನು, ನಿನಗೆ ಕುಡಿಸುವವರು ಯಾರೂ ಇಲ್ಲ. ಇಲ್ಲಿ ನಾವು ನೆಟ್ಟಗಿದ್ದೇವೆ. ಕರಿ ಎಮ್ಮೆ ಈದಿದೆ, ಗಿಣ್ಣ ನಿನಗೆ ತಪ್ಪಿತು. ಎಳ್ಳಮಾವಾಸ್ಯೆಗೆ ನೀನು ಹೊಸ ಮೋಟಾರ್ ಸೈಕಲ್ ಏರಿ ಬರುತ್ತೀ ಎಂದು ಕೇಳಿದಾಗಿನಿಂದ ನಿನ್ನ ಅವ್ವನ ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. "ನನ್ನ ಮಗಾ ಫಟಫಟಿ ಮ್ಯಾಲೆ ಬರತಾನ" ಎಂದು ಓಣಿಯ ತುಂಬ ಡಂಗುರ ಸಾರಿದ್ದಾಳೆ.

ಬಳೆಗಾರ ನಿಜಾಮಸಾಬನ ಸುದ್ದಿ ನಿನಗೆ ಮುಟ್ಟಿತೋ ಇಲ್ಲವೋ. ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಫಟಫಟಿಯ ಮೇಲೆ ಸಂತೆ ತಿರುಗುತ್ತಿದ್ದನಲ್ಲ, ಅವನೇ. ಹುಣ್ಣಿಮೆಯ ಮರುದಿನ ನಮ್ಮೂರ ಹೊರಗೆ, ಮೂರು ದಾರಿ ಕೂಡುವಲ್ಲಿ, ಬಸ್ಸಿಗೆ ಸಿಕ್ಕ. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ನಾನು ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆ. ಯಾರೋ ಮಗುವಿಗೆ ದೃಷ್ಟಿ ತೆಗೆದು ಅಲ್ಲಿ ನಿವಾಳಿ ಇಟ್ಟಿದ್ದರಂತೆ: ಒಡೆದ ಕಾಯಿ, ಕುಂಕುಮ ಹಚ್ಚಿದ ಲಿಂಬೆಹಣ್ಣು, ಒಂದು ಮುಟಿಗೆ ಅನ್ನ. "ಕಾಕಾ, ನಿವಾಳಿ ತುಳೀಬಾರದಂತ ಬಾಜೂಕ ತಿರುವಿದೆ ನೋಡ್ರಿ. ಎತ್ತರಕ್ಕ ಬೆಳೆದ ಜೋಳ ಅಡ್ಡಾಗಿ ಬಸ್ಸು ಕಾಣಲೇ ಇಲ್ರಿ" ಎಂದ.

ಇಷ್ಟಾದ ಮೇಲೆ ಅಲ್ಲಿ ನಿವಾಳಿ ಇಡುವುದು ನಿಂತಿತು ಎಂದುಕೊಂಡೆಯಾ? ಆ ಜಾಗದಲ್ಲಿ ಏನೋ ಕೆಟ್ಟದ್ದು ಕೂತಿದೆ ಎಂದು ಈಗ ಇಡೀ ಊರೇ ತಂದು ಸುರಿಯುತ್ತಿದೆ. ನಡುದಾರಿಯಲ್ಲೇ ಇಡಬೇಕಂತೆ, ಬದಿಗಿಟ್ಟರೆ ದೃಷ್ಟಿ ಮನೆಗೆ ತಿರುಗಿ ಬರುತ್ತದಂತೆ. ಮೂಲೆಯ ಹೊಲದ ಬಸವಣ್ಣೆಪ್ಪನಿಗೆ, ನಾಲ್ಕು ಸಾಲು ಜೋಳ ಕೊಯ್ದು ದಾರಿ ಕಾಣುವಂತೆ ಮಾಡು ಎಂದು ಕೈಮುಗಿದು ಕೇಳಿದೆ. "ತೆನಿ ಈಗ ಹಾಲು ತುಂಬ್ಯಾವ್ರಿ ಯಪ್ಪಾ, ಹೆಂಗ ಕೊಯ್ಯಲಿ?" ಎಂದ. ನಾನೂ ಹೊಲ ಮಾಡುವವನೇ, ಒತ್ತಾಯ ಮಾಡದೆ ಬಂದೆ. ಕೊನೆಗೆ ನಾನೇ ಕೋಲು ಹಿಡಿದು ಅವನ್ನೆಲ್ಲ ಬದಿಗೆ ಸರಿಸಲು ಹೋದೆ. ಕೋಲು ಚಾಚಿದೆ, ಕೈ ಮುಂದೆ ಹೋಗಲಿಲ್ಲ. ಕೋಲನ್ನು ಬಗಲಲ್ಲಿಟ್ಟು, ಬಳಸಿಕೊಂಡು ಮನೆಗೆ ಬಂದೆ. ನಿನ್ನ ಅಪ್ಪ ಇಷ್ಟೇ ಗಂಡಸು ನೋಡು.

ಸ್ಟೇಶನ್ ನಮ್ಮೂರಲ್ಲೇ ಇದೆ, ರೈಲಿಗೆ ಬಾ ಎಂದರೆ ನೀನು ಕೇಳುವವನಲ್ಲ. ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹಬ್ಬದ ಎಡೆಯ ಚರಗ ಚೆಲ್ಲಲು ಒಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೀ, ಅವಳು ಆಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಮೂರುದಾರಿಯಲ್ಲಿ ಇಳಿದು ಗಾಡಿ ತಳ್ಳಿಕೊಂಡು ಬಾ ಎಂದರೆ ನಗುತ್ತೀ. ನಗು. ನನಗೆ ಮಾತ್ರ ಹೆದರಿಕೆಯಾಗಿದೆ ಮಗನೇ.

ಮೈ ನೋಡಿಕೋ. ವೇಳೆಗೆ ಸರಿಯಾಗಿ ಉಣ್ಣು. ಶಿವ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅಪ್ಪ,
ಮಡಿವಾಳೆಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ನಿನ್ನ ಅವ್ವ ಬಂದು ನಿನ್ನ ಹಳೆಯ ಅಂಗಿ ಎಲ್ಲಿದೆ ಎಂದು ಕೇಳಿದಳು. ನೀನು ಬರುವ ಮುಂಜಾನೆ ಆ ಅಂಗಿಗೆ ನಿವಾಳಿಸಿ ಮೂರುದಾರಿಯಲ್ಲಿ ಇಟ್ಟು ಬರುತ್ತಾಳಂತೆ. ಬೇಡ ಎಂದೆ, ನಿಜಾಮಸಾಬನ ಕಾಲಿನ ಆಣೆ ಹಾಕಿದೆ. "ಹಡದಾಕಿ ನಾನು, ನೀವು ಸುಮ್ಮಿರ್ರಿ" ಎಂದಳು. ಹಾಗಾಗಿ ಅಂದು ನಡುದಾರಿಯಲ್ಲಿ ಇರುವುದು ನಿನ್ನ ಅವ್ವನದೇ. ನೀನು ಗಾಡಿ ತಿರುವಬೇಡ. ಅದರ ಮೇಲೇ ಹಾಯಿಸಿಕೊಂಡು ನೆಟ್ಟಗೆ ಬಾ. ಪಾಪ ಬಂದರೆ ನನಗೆ ಬರಲಿ, ಅವಳಿಗೆ ನಾನು ಹೇಳುವುದಿಲ್ಲ. ನೀನು ಸಣ್ಣವನಿದ್ದಾಗ ನಿವಾಳಿ ಕಂಡಲ್ಲೆಲ್ಲ ನಿನ್ನನ್ನು ಎತ್ತಿಕೊಂಡು ಬಳಸಿ ಹೋಗುತ್ತಿದ್ದವನು ನಾನೇ. ಅದೊಂದನ್ನು ಮರೆತುಬಿಡು, ಮಗನೇ.