ತಿಳಿಯಿತೇ ಎಂದು ಕೇಳಬೇಡಿ

ಗಜೇಂದ್ರಗಡ
ಇಸವಿ 2171, ಎರಡನೇ ಬೇಸಿಗೆಯ ಮೂವತ್ತೆಂಟನೆಯ ದಿನ

ಸಕ್ಕರೆ ಕಾಯಿಲೆಯವರಿಗೆ ಪಾಠ ಹೇಳಿ, ಆ ಪಾಠದಿಂದ ಎಷ್ಟು ಪ್ರಯೋಜನವಾಯಿತೆಂದು ಅಧ್ಯಯನ ಮಾಡುತ್ತಿರುವ ಹಿರಿಯರಿಗೆ,

ನಮಸ್ಕಾರ. ಮೇಲಿನ ತಾರೀಖು ಕಂಡು ಹುಬ್ಬೇರಿಸಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ದಸರೆಯ ಹೊತ್ತಿಗೆ ಬರುತ್ತದೆ. ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ನಿಮ್ಮ ಕಾಲದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದು ಅಂಚೆಯವರ ತಲೆನೋವು, ನನ್ನದಲ್ಲ. ನಾನು ದಾಕ್ಷಾಯಣಿ ಹೂಗಾರ, ಇಲ್ಲಿಯ ಆಸ್ಪತ್ರೆಯಲ್ಲಿ ತಿರುಗುಪಾಠದ ಮೇಲ್ವಿಚಾರಕಿ. ತಿರುಗುಪಾಠವೆಂದರೆ, ನಾವು ಹೇಳಿಕೊಟ್ಟಿದ್ದನ್ನು ರೋಗಿ ತನ್ನ ಮಾತಿನಲ್ಲಿ ನಮಗೇ ತಿರುಗಿ ಹೇಳುವುದು, ಕೈಯಾರೆ ಮಾಡಿ ತೋರಿಸುವುದು. ಒಬ್ಬರಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಜಿಲ್ಲಾ ಆರೋಗ್ಯ ಸಭೆ ನಾಳೆ ತೀರ್ಮಾನಿಸಲಿದೆ. ನಿಲ್ಲಿಸಲು ನಾನು ಬಿಡುವುದಿಲ್ಲ.

ನಿಮ್ಮ ಕಾಯಿಲೆ ನಮ್ಮ ಕಾಲಕ್ಕೂ ಹೋಗಿಲ್ಲ. ಔಷಧ ಮಾತ್ರ ಸುಧಾರಿಸಿದೆ. ನೀವು ದಿನಕ್ಕೆ ಎರಡು ಮೂರು ಸಲ ನುಂಗುವುದನ್ನು ನಾವು ಮಂಡಲಗುಳಿಗೆಯಾಗಿ ಒಮ್ಮೆ ನುಂಗುತ್ತೇವೆ. ಅದು ನಲವತ್ತೆಂಟು ದಿನ ಹೊಟ್ಟೆಯಲ್ಲಿದ್ದು ಕೆಲಸ ಮಾಡುತ್ತದೆ. ಬಿಸಿಲು ತಾಳಲಾರದೆ ಬೀದಿಗಳಿಗೆಲ್ಲ ಸೂರು ಹೊದಿಸಿದ್ದೇವೆ. ಅದರಡಿಯಲ್ಲೇ ಬೆಳಗಿನ ರೊಟ್ಟಿ ಬಡಿಯುವ ಸದ್ದು, ಅಲ್ಲೇ ವಾಕಿಂಗ್, ಅಲ್ಲೇ ಜಗಳ. ಎಲ್ಲರ ಮಣಿಕಟ್ಟಿನಲ್ಲೂ ಕೈಗಾವಲು ಎಂಬ ಪಟ್ಟಿ ಇರುತ್ತದೆ. ಅದು ರಕ್ತದ ಸಕ್ಕರೆ ನೋಡಿ, ಏನು ತಿನ್ನಬೇಕು, ಪಾದದ ಕಾಳಜಿ ಹೇಗೆ ಎಂದೆಲ್ಲ ಹೇಳಿ, ಕೊನೆಗೆ ತಿಳಿಯಿತೇ ಎಂದು ಕೇಳುತ್ತದೆ. ನಮ್ಮ ಜನ ಎಷ್ಟು ಮರ್ಯಾದಸ್ಥರೆಂದರೆ, ಒಂದು ಪಟ್ಟಿಗೂ ಇಲ್ಲವೆನ್ನಲಾರದೆ ಹೂಂ ಎನ್ನುತ್ತಾರೆ. ಆ ಹೂಂ ಸಾಕು, ಇನ್ನು ತಿರುಗುಪಾಠ ಏಕೆ ಎಂಬುದು ಸಭೆಯವರ ವಾದ.

ನಾನೂ ಒಂದು ಕಾಲಕ್ಕೆ ಹೂಂ ನಂಬಿದವಳೇ. ನಮ್ಮ ಬೀದಿಯ ಸೂರು ರಿಪೇರಿ ಮಾಡುತ್ತಿದ್ದ ಕಳಕಪ್ಪ ಕಾಕಾ ನನ್ನ ಮೊದಲ ಅಧ್ಯಯನದಲ್ಲಿದ್ದರು. ಸಕ್ಕರೆಯಿಂದ ಅವರ ಪಾದಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ದಿನಾಲೂ ಪಾದ ನೋಡಬೇಕು, ಗಾಯ ಕಂಡರೆ ಅಂದೇ ಬರಬೇಕು ಎಂದು ಹೇಳಿಕೊಟ್ಟೆ. ತಿಳಿಯಿತೇ ಎಂದೆ. ಹೂಂ ಎಂದರು. ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ಕಾಕಾ ತಪ್ಪದೆ ನೋಡಿದರು, ಆದರೆ ಪಾದದ ಮೇಲ್ಭಾಗವನ್ನು ಮಾತ್ರ. ಹುಣ್ಣು ಅಂಗಾಲಿನಲ್ಲಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ತಿಳಿಯಲಿಲ್ಲವೆಂದು ಅಂದೇ ಏಕೆ ಹೇಳಲಿಲ್ಲ ಎಂದು ವಾರ್ಡಿನಲ್ಲಿ ಕೇಳಿದಾಗ ಅವರು ನನ್ನನ್ನೇ ಸಮಾಧಾನ ಮಾಡಿದರು: "ಎಷ್ಟ್ ಚಂದ ಹೇಳಾಕತ್ತಿದ್ದಿ ಯವ್ವಾ. ತಿಳೀಲಿಲ್ಲ ಅಂದ್ರ ನಿನಗ ಬ್ಯಾಸರ ಆಗತೈತಂತ ಹೂಂ ಅಂದೆ." ಅದೇ ವಾರ ನನ್ನ ಪ್ರಬಂಧ ಪ್ರಕಟವಾಗಿತ್ತು. ಅದರಲ್ಲಿ ಕಾಕಾ ಪೂರ್ಣ ತಿಳಿವಳಿಕೆ ಪಡೆದವರ ಪಟ್ಟಿಯಲ್ಲಿದ್ದರು. ನಾಚಿಕೆಯಿಂದ ಒಂದು ತಿಂಗಳು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ತಿರುಗುಪಾಠ ಶುರು ಮಾಡಿದೆ. ಹನ್ನೊಂದು ವರ್ಷದಲ್ಲಿ ನನ್ನ ಆರುನೂರು ಜನರಲ್ಲಿ ಕಾಲು ಕಳೆದುಕೊಂಡವರು ಇಬ್ಬರೇ.

ಅದೆಲ್ಲ ಮಂಡಲಗುಳಿಗೆಯ ಮಹಿಮೆ ಎಂದರು ಸಭೆಯ ಅಧ್ಯಕ್ಷ ಶರಣಗೌಡರು. ಹೋದ ವಾರ ಅವರು ನನ್ನ ಮುಂದೆ ಎತ್ತಿ ಹಿಡಿದದ್ದು ನಿಮ್ಮ ಅಧ್ಯಯನವನ್ನು. "ನೂರೈವತ್ತು ವರ್ಷದ ಹಿಂದ ಹತ್ತ ನಿಮಿಷದ ಪಾಠಕ್ಕ ನೂರಕ್ಕ ತೊಂಬತ್ತೇಳು ಮಂದಿಗೆ ತಿಳಿದಿತ್ತಂತ. ಈಗಿನ ಮಂದಿ ಏನ್ ದಡ್ಡರೇನ್ರಿ?" ಎಂದರು. ನಾನು ಅಲ್ಲಿಂದ ನೇರವಾಗಿ ನಿಮ್ಮ ಅಧ್ಯಯನದ ಕಟ್ಟು ಇರುವ ದಾಖಲೆಯ ಕೋಣೆಗೆ ಹೋದೆ. ಆ ತೊಂಬತ್ತೇಳರಲ್ಲಿ ಎಷ್ಟು ಕಳಕಪ್ಪಂದಿರಿದ್ದರೋ ಯಾರಿಗೆ ಗೊತ್ತು. ನಿಮ್ಮ ನಮೂನೆಗಳನ್ನೆಲ್ಲ ತಿರುವಿ ಹಾಕಿದೆ. ಪ್ರತಿ ಹಾಳೆಯಲ್ಲೂ ಒಂದು ಸರಿ ಗುರುತು, ಅಷ್ಟೇ. ರೋಗಿಗಳು ನಿಜವಾಗಿ ಏನು ತಿಳಿದುಕೊಂಡಿದ್ದರೆಂದು ನಿಮ್ಮಲ್ಲಿ ಒಬ್ಬರೂ ಬರೆದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆದರೆ ನಿಮ್ಮ ಕಾಲದಲ್ಲಿ ಆ ಅಧ್ಯಯನ ಮುಗಿದಿಲ್ಲ, ನಿಮ್ಮ ಕೈಯಲ್ಲಿ ಇನ್ನೂ ಪೆನ್ನಿದೆ. ಆದ್ದರಿಂದ ಕೇಳುತ್ತೇನೆ. ಎದುರಿಗೆ ಕುಳಿತ ಅಜ್ಜಿಗೆ, ಮನೆಗೆ ಹೋಗಿ ಏನು ಮಾಡುತ್ತೀರಿ, ನನಗೆ ಮಾಡಿ ತೋರಿಸಿ ಎನ್ನಿ. ತಪ್ಪಿದರೆ ನಗದೆ ಮತ್ತೊಮ್ಮೆ ಹೇಳಿಕೊಡಿ. ಆ ತಪ್ಪನ್ನು ಮಾತ್ರ ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದಿಡಿ. ಹೋಳಿಗೆ ತಿಂದ ದಿನ ಎರಡು ಗುಳಿಗೆ ನುಂಗುತ್ತೇನೆ ಎಂದರೆ ಹಾಗೇ ಬರೆಯಿರಿ. ನಿಮ್ಮ ತೊಂಬತ್ತೇಳು ನಲವತ್ತಕ್ಕೆ ಇಳಿದೀತು. ಪ್ರಬಂಧ ವಾಪಸು ಬಂದೀತು, ಮೇಲಿನವರು ಮುಖ ಸಿಂಡರಿಸಿಯಾರು. ಸಿಂಡರಿಸಲಿ ಬಿಡಿ.

ನಾಳೆ ಹತ್ತು ಗಂಟೆಗೆ ಸಭೆ. ಹೋಗುವ ಮುಂಚೆ ದಾಖಲೆಯ ಕೋಣೆಯಲ್ಲಿ ನಿಮ್ಮ ಕಟ್ಟನ್ನು ಮತ್ತೊಮ್ಮೆ ಬಿಚ್ಚುತ್ತೇನೆ. ಈ ಕಾಗದ ತಲುಪಿ ನೀವು ಆ ತಪ್ಪುಗಳನ್ನು ಬರೆದಿಟ್ಟಿದ್ದರೆ, ಬರೀ ಸರಿ ಗುರುತಿದ್ದ ಹಾಳೆಗಳಲ್ಲಿ ನಾಳೆ ಅವು ಇರುತ್ತವೆ. ಇರದಿದ್ದರೂ ನಾನು ಹೋಗುವುದು ಹೋಗುವುದೇ. ಕಳಕಪ್ಪ ಕಾಕಾ ತಾವೂ ಬಂದು ಎಲ್ಲರೆದುರು ಪಂಚೆ ಎತ್ತಿ ಕತ್ತರಿಸಿದ ಕಾಲು ತೋರಿಸುತ್ತೇನೆ ಎಂದಿದ್ದಾರೆ. ಎಪ್ಪತ್ತಾರು ವರ್ಷದ ಮನುಷ್ಯನಿಂದ ಆ ಕೆಲಸ ಮಾಡಿಸಬೇಡಿ.

ನಿಮ್ಮ ಬರಹಕ್ಕೆ ಕಾದಿರುವ,
ದಾಕ್ಷಾಯಣಿ