ಬಾಯಾರಿಕೆಗೆ ಪುರಾವೆ

ನವನಗರ, ಬಾಗಲಕೋಟೆ
೧೧ ಮೇ ೨೦೨೫, ರವಿವಾರ

ಪ್ರೀತಿಯ ಅಮ್ಮಿಗೆ ನಿನ್ನ ಜುಬೇರನ ಸಲಾಮು.

ನಿನ್ನ ಮೊಣಕಾಲು ಹೇಗಿದೆ? ಇಳಕಲ್ಲಿನ ಆ ಮನೆಯ ಹೊಸ್ತಿಲು ಎತ್ತರ. ದಾಟುವಾಗಲೆಲ್ಲ ಅಳಿಯನ ಮನೆತನವನ್ನು ನೀನು ಮನಸ್ಸಿನಲ್ಲೇ ಬೈದುಕೊಳ್ಳುತ್ತೀ ಎಂದು ನನಗೆ ಗೊತ್ತು. ಎಡಗಣ್ಣಿನ ಪೊರೆಯನ್ನು ಈ ಬಾಣಂತನ ಮುಗಿದ ಕೂಡಲೇ ತೆಗೆಸೋಣ. ಅಲ್ಲಿಯವರೆಗೆ ನನ್ನ ಕಾಗದವನ್ನು ತಂಗಿ ಅರ್ಜುಳೇ ನಿನಗೆ ಓದಿ ಹೇಳಬೇಕು. (ಅರ್ಜು, ಕೂಸನ್ನು ಮಗ್ಗುಲಲ್ಲಿ ಮಲಗಿಸಿ, ದಿಂಬಿಗೆ ಒರಗಿ, ಗಟ್ಟಿಯಾಗಿ ಓದು. ನಿನ್ನ ಭಾಯಿ ಬರೆದದ್ದರಲ್ಲಿ ಒಂದು ಸಾಲನ್ನೂ ಹಾರಿಸಬೇಡ. ನಗು ಬಂದರೆ ತಡೆದುಕೋ, ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿದೆ.) ಇಲ್ಲಿ ನಾವೆಲ್ಲ ಆರಾಮ. ನೀನು ತಂಗಿಯ ಬಾಣಂತನಕ್ಕೆಂದು ಹೋದ ಮೇಲೆ ನಿನ್ನ ಸೊಸೆ ನರ್ಗೀಸಳ ಅಡುಗೆ ತಾನಾಗಿಯೇ ಸುಧಾರಿಸಿದೆ. ಸಾರಿಗೆ ಉಪ್ಪು ಸಾಲದು ಎನ್ನಲು ನೀನಿಲ್ಲವಲ್ಲ, ಆದ್ದರಿಂದ ಸಾಲುತ್ತಿದೆ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀ. ಫೋನಿನಲ್ಲಿ ನಾನು ‘ಅಮ್ಮೀ, ಅರ್ಜುಗೆ ನೀರು’ ಎನ್ನುವಷ್ಟರಲ್ಲಿ ‘ಇಡ್ತೇನಪಾ, ಕೂಸು ಅಳಾಕತ್ತೈತಿ’ ಎಂದು ಇಟ್ಟುಬಿಡುತ್ತೀ. ಆ ಕೂಸು ಅತ್ತ ಸದ್ದು ಇವತ್ತಿನವರೆಗೂ ನನ್ನ ಕಿವಿಗೆ ಬಿದ್ದಿಲ್ಲ. ಬಲು ಸಭ್ಯ ಕೂಸು. ಇವತ್ತು ಸೀರೆಯ ಗಂಟು ಕೊಡಲು ಬಂದ ನಿನ್ನ ಅಳಿಯ ಶಾಹಿದ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದ: ‘ಅಜವಾನ ಹಾಕಿ ಕುದಿಸಿದ ನೀರು ದಿನಕ್ಕ ಒಂದು ಕಪ್ಪು ಕೊಡ್ತಾರ ಭಾಯಿ, ಅದೂ ತುಟಿ ಒದ್ದಿ ಆಗುವಷ್ಟ. ಈ ಬಿಸಲಾಗ! ಎದ್ದು ನಿಂತ್ರ ಆಕಿ ಕಣ್ಣಿಗಿ ಕತ್ತಲಿ ಬರತೈತಿ. ಅತ್ತಿಯವರ ಮುಂದ ನಾ ಏನ್ ಮಾತಾಡ್ಲಿ?’ ಹೆಂಡತಿಯ ಬಾಯಾರಿಕೆಯ ಮಾತಾಡುವಾಗ ಅವನು ತನ್ನ ಮುಂದಿನ ನೀರಿನ ಲೋಟವನ್ನು ಮುಟ್ಟಲಿಲ್ಲ. ನಿನ್ನ ಮುಂದೆ ಮಾತಾಡಲಾಗದ್ದು ಅವನೊಬ್ಬನ ತಪ್ಪಲ್ಲ. ನಮ್ಮ ಮನೆಯಲ್ಲಿ ಅದು ಮೂರು ತಲೆಮಾರಿನ ಕಾಯಿಲೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ ಎಂಬುದಷ್ಟೇ ನನ್ನ ಧೈರ್ಯ.

ಸಮಿತಿಯ ಸುದ್ದಿ ಕೇಳು. ಬಾಣಂತಿಯರು ಏನು ಉಣ್ಣಬೇಕು, ಏನು ಬಿಡಬೇಕು ಎಂಬುದಕ್ಕೆ ಈ ಸೀಮೆಯ ಆಹಾರ ತಜ್ಞರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರಂತೆ. ಎಲ್ಲರೂ ಒಂದೇ ಮಾತು, ಅದೂ ಪುರಾವೆ ಇರುವ ಮಾತು ಹೇಳಲಿ ಎಂದು ಒಂದು ಮಾರ್ಗಸೂಚಿ ಬರೆಯಲು ಕೂತಿದ್ದಾರೆ. ವೈದ್ಯರು, ಆಹಾರ ತಜ್ಞರು, ಜೊತೆಗೆ ನಾನು. ಪ್ರಚಾರದ ಗಾಡಿಗಳಿಗೆ ಪದ್ಯ ಬರೆದು ಹೊಟ್ಟೆ ಹೊರೆಯುವ ಕನ್ನಡ ಬಿ.ಎ.ಗೆ ಅಲ್ಲೇನು ಕೆಲಸ ಅಂದರೆ, ಅವರು ಬರೆದದ್ದು ಮನುಷ್ಯರಿಗೆ ತಿಳಿಯುತ್ತದೋ ಇಲ್ಲವೋ ನೋಡುವುದು. ಮೊದಲ ದಿನವೇ ಉಮೇದಿನಿಂದ ‘ಸಬ್ಬಸಗಿ ತಿಂದಾಕಿ ಬಾಣಂತಿ, ಹಾಲಿಗಿ ಯಾತರ ಚಿಂತಿ’ ಎಂದು ಪ್ರಾಸ ಕಟ್ಟಿಕೊಂಡು ಹೋದೆ. ಸಮಿತಿ ನಡೆಸುವ ಸವಿತಾ ಮೇಡಂ ದೊಡ್ಡ ಆಹಾರ ತಜ್ಞೆ. ಕನ್ನಡಕ ಏರಿಸಿ ಓದಿದರು. ‘ಛಂದ ಐತ್ರಿ ಜುಬೇರಣ್ಣ. ಆದ್ರ ಸಬ್ಬಸಗಿ ತಿಂದ್ರ ಹಾಲು ಹೆಚ್ಚಾಗತೈತಿ ಅನ್ನಾಕ ಗಟ್ಟಿ ಪುರಾವೆ ಇಲ್ಲ.’ ‘ಹಂಗಾರ ತಿನ್ನಬಾರದೇನ್ರಿ?’ ಎಂದೆ. ‘ತಿನ್ಲಿ ಬಿಡ್ರಿ, ತಪ್ಪಲ ಪಲ್ಲೆ ಚಲೋನ. ಹಾಲಿನ ಚಿಂತಿ ಹೊಕ್ಕೈತಿ ಅಂತ ಅಷ್ಟ ಬರಿಬ್ಯಾಡ್ರಿ.’ ಚಿಂತೆ ಉಳಿದರೆ ಪದ್ಯ ಉಳಿಯುವುದಿಲ್ಲ ಅಮ್ಮೀ. ಅವತ್ತಿನಿಂದ ನನ್ನ ಎಷ್ಟೋ ಪ್ರಾಸಗಳು ಆ ಮೇಜಿನ ಕೆಳಗಿನ ಬುಟ್ಟಿಯಲ್ಲಿ ಮಣ್ಣಾಗಿವೆ.

ಅವರ ಪದ್ಧತಿಯೇ ಹಾಗೆ. ಯಾರು ಹೇಳಿದರು ಎಂಬುದು ಲೆಕ್ಕಕ್ಕಿಲ್ಲ, ಹೇಗೆ ಗೊತ್ತಾಯಿತು ಎಂಬುದೇ ಲೆಕ್ಕ. ಲೋಕದಲ್ಲಿ ಎಲ್ಲೆಲ್ಲಿ ಏನೇನು ಅಧ್ಯಯನ ನಡೆದಿದೆ ಹುಡುಕಿ, ಎಷ್ಟು ನಂಬಬಹುದು ಎಂದು ತೂಗಿ, ಪುರಾವೆಗೆ ಹೆಚ್ಚು, ಕಡಿಮೆ, ಅತಿ ಕಡಿಮೆ ಎಂದು ದರ್ಜೆ ಕೊಡುತ್ತಾರೆ. ನಿನಗೆ ಸಿಟ್ಟು ಬರುವ ಮುಂಚೆಯೇ ಹೇಳಿಬಿಡುತ್ತೇನೆ: ನಿನ್ನ ಅಂಟಿನ ಉಂಡಿ ಪಾಸು, ಕೊಬ್ಬರಿ ಪಾಸು, ಬೆಳ್ಳುಳ್ಳಿಯ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಎಣ್ಣೆ ಹಚ್ಚಿ ಎರೆಯುವುದು ನಮ್ಮ ವಿಷಯವಲ್ಲ ಎಂದು ಗೌರವದಿಂದ ದೂರ ಇಟ್ಟರು. ಸಮಿತಿ ತಡೆದು ನಿಂತದ್ದು ನೀರಿನ ಮಾತಿನಲ್ಲಿ.

ಮಧ್ಯಾಹ್ನದ ಹೊತ್ತು ಆ ಕೋಣೆಯಲ್ಲಿ ಫ್ಯಾನಿನ ಗಾಳಿ ಜೋಗುಳದಂತೆ ಬರುತ್ತದೆ. ಕಿಟಕಿಯಾಚೆ ದೂರದಲ್ಲಿ ಅಣೆಕಟ್ಟಿನ ಹಿನ್ನೀರು. ಈ ಬೇಸಿಗೆಗೆ ಅದು ಹಿಂದೆ ಸರಿದು, ಮುಳುಗಿದ ಹಳೆಯ ಓಣಿಗಳ ಗೋಡೆ ಬುಡಗಳು ಬಿಳಿಚಿಕೊಂಡು ಮೇಲೆ ಬಂದಿವೆ. ಅದನ್ನೇ ನೋಡುತ್ತ ನನಗೆ ಜೊಂಪು ಹತ್ತಿತು. ಹಿನ್ನೀರು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದು, ಮೇಜಿನ ಕಾಲುಗಳ ನಡುವೆ ಬೆಕ್ಕಿನ ಹಾಗೆ ಸುಳಿದು, ಎಲ್ಲರ ಪಾದ ತಣ್ಣಗೆ ಮಾಡಿತು. ಸಮಿತಿಯವರು ಸೀರೆ, ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ನೀರನ್ನೇ ಕೇಳಿದರು, ನೀನು ಒಳ್ಳೆಯದೆಂಬುದಕ್ಕೆ ಪುರಾವೆ ಏನು? ಅದು ಉತ್ತರ ಕೊಡದೆ ಇನ್ನಷ್ಟು ಮೇಲೇರಿತು. ಕಾಗದಗಳೆಲ್ಲ ಕೊಕ್ಕರೆಗಳಂತೆ ತೇಲತೊಡಗಿದವು; ಆಚೆ ದಡದಲ್ಲಿ ಅರ್ಜು ಕೂಸನ್ನೆತ್ತಿಕೊಂಡು ನಿಂತಿದ್ದಳು, ನೀರು ಅವಳೊಬ್ಬಳ ಕಡೆಗೆ ಹೋಗುತ್ತಿರಲಿಲ್ಲ. ‘ಜುಬೇರಣ್ಣ, ನಿಮ್ಮ ಅಭಿಪ್ರಾಯ?’ ಎಂದರು ಸವಿತಾ ಮೇಡಂ. ‘ಕೊಡಬೇಕ್ರಿ’ ಎಂದೆ, ಕಣ್ಣು ಬಿಡುತ್ತಲೇ. ಮಲಗಿದ್ದವನು ಸರಿಯಾಗಿ ಹೇಳಿದ ಎಂದು ಎಲ್ಲರೂ ನಕ್ಕರು. ಆದರೆ ಬರೆದುಕೊಳ್ಳಲಿಲ್ಲ, ಮೊದಲು ಊರ ಹೆಂಗಸರನ್ನು ಕೇಳಿ ಬರಬೇಕಿತ್ತು.

ಅದಕ್ಕೇ ಮೇಡಂ ಮತ್ತು ನಾನು ಮರೋಳಕ್ಕೆ ಹೋದೆವು. ರಾಮವ್ವ ಎಂಬಾಕೆ ನಿನ್ನ ಓರಗೆಯವಳು, ನಿನ್ನದೇ ದನಿ. ಸೊಸೆ ಒಳಗೆ ಕೂಸಿಗೆ ಹಾಲೂಡುತ್ತಿದ್ದಳು. ರಾಮವ್ವ ನಮ್ಮಿಬ್ಬರಿಗೆ ತಂಬಿಗೆ ತುಂಬ ಮಜ್ಜಿಗೆ ಕೊಟ್ಟು, ಇನ್ನೂ ಹಾಕಿಸಿಕೊಳ್ಳಿರೆಂದು ಜಗಳವಾಡಿದಳು. ಬಾಣಂತಿಗೆ ನೀರು ಎಂದ ಕೂಡಲೇ ಮುಖ ಗಂಟು ಹಾಕಿದಳು. ‘ಹೊಟ್ಟಿ ಬರತೈತಿ. ಕೂಸಿಗಿ ಥಂಡಿ ಆಗತೈತಿ. ನಮ್ಮತ್ತಿ ನನಗ ಕೊಡ್ಲಿಲ್ಲ, ನಾ ಬದುಕಿಲ್ಲೇನು?’ ಸವಿತಾ ಮೇಡಂ ಮಜ್ಜಿಗೆ ಕೆಳಗಿಟ್ಟು ಮೆಲ್ಲಗೆ ಹೇಳಿದರು: ‘ಯವ್ವಾ, ಬದುಕಿದವರನ್ನಷ್ಟ ಕೇಳಾಕ ಬರತೈತಿ ನಮಗ.’ ರಾಮವ್ವ ಒಳಗೆ ಸೊಸೆಯ ಕಡೆಗೊಮ್ಮೆ ತಿರುಗಿ ನೋಡಿದಳು. ಒಪ್ಪಿದಳು ಅಂದುಕೊಂಡೆ. ಒಪ್ಪಲಿಲ್ಲ. ‘ನೀವು ಹೇಳಿ ಹೊಕ್ಕೀರಿ. ನಾಳಿಗಿ ಕೂಸಿಗಿ ಏನರ ಆದ್ರ ಮಂದಿ ನಿಮ್ಮ ಹೆಸರು ಹೇಳ್ತಾರೇನು? ಮುದುಕಿ ನೀರು ಕುಡಿಸಿ ಕೆಡಿಸಿದ್ಲು ಅಂತಾರ’ ಎಂದಳು. ಮರಳುವಾಗ ಅಮೀನಗಡದಲ್ಲಿ ಇಳಿದು ನಿಮಗಾಗಿ ಕರದಂಟು ತೆಗೆದುಕೊಂಡೆ. ಬಸ್ಸಿನ ಕಿಟಕಿಯಲ್ಲಿ ಹೊಲಗಳು ಬಿಸಿಲಿಗೆ ಕರಗಿ ಹಿಂದೆ ಹರಿಯುತ್ತಿದ್ದವು, ನನ್ನ ತಲೆಯಲ್ಲಿ ಒಂದೇ ಯೋಚನೆ. ಇಷ್ಟು ದಿನ ನಾನು ಇದನ್ನು ನಿನ್ನ ಹಟ ಎಂದುಕೊಂಡಿದ್ದೆ. ಇದು ಹಟವಲ್ಲ, ಹೆದರಿಕೆ. ಮಗಳಿಗೆ ಏನಾದರೂ ಆದರೆ ಅದು ನಿನ್ನ ಕೈಯಿಂದ ಆಯಿತು ಎಂದಾಗಬಾರದು ಎಂಬ ಹೆದರಿಕೆ.

ಈಗ ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡ. ಅರ್ಜು ಹುಟ್ಟಿದಾಗ ನನಗೆ ಹನ್ನೆರಡು. (ಅರ್ಜು, ಇದು ನಿನ್ನದೇ ಸುದ್ದಿ, ನಿಧಾನವಾಗಿ ಓದು.) ಹಳೆಯ ಮನೆಯ ಒಳಕೋಣೆ, ಮುಚ್ಚಿದ ಕಿಟಕಿ, ಲೋಬಾನದ ಹೊಗೆ. ನಿನ್ನ ಅತ್ತೆ, ಅಂದರೆ ನನ್ನ ದಾದಿ, ನನ್ನ ಕೈಯಲ್ಲಿ ಕೆಂಡದ ತಟ್ಟೆ ಕೊಟ್ಟು ಒಳಗೆ ಕಳಿಸಿದ್ದಳು. ಹೊಗೆಯ ನಡುವೆ ನೀನು ಮಲಗಿದ್ದೆ, ಹಣೆಗೆ ಹಾಕಿದ್ದ ಒದ್ದೆ ಬಟ್ಟೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದೆ. ನನ್ನನ್ನು ಕಂಡು ಕಣ್ಣು ಮುಚ್ಚಿಕೊಂಡೆ, ಬಟ್ಟೆಯನ್ನು ಮಾತ್ರ ಬಿಡಲಿಲ್ಲ. ಇದು ನಾನು ಕಂಡದ್ದೋ, ಆಮೇಲೆ ಯಾವಾಗಲೋ ಬಿದ್ದ ಕನಸೋ, ನನಗೇ ತಿಳಿಯದು. ಸಮಿತಿಯಲ್ಲಿ ಇದನ್ನು ಹೇಳಿದ್ದರೆ ‘ಅತಿ ಕಡಿಮೆ’ ದರ್ಜೆ ಸಿಗುತ್ತಿತ್ತು, ಸರಿಯಾಗಿಯೇ ಸಿಗುತ್ತಿತ್ತು. ಆ ಕೋಣೆಯಲ್ಲಿದ್ದವರಲ್ಲಿ ಈಗ ಸಾಕ್ಷಿ ಹೇಳಬಲ್ಲವಳು ನೀನೊಬ್ಬಳೇ. ದಾದಿ ಇಲ್ಲ, ಅರ್ಜು ಆಗ ಕಣ್ಣೇ ಬಿಟ್ಟಿರಲಿಲ್ಲ.

ಶುಕ್ರವಾರ ಸಮಿತಿ ನೀರಿನ ಮಾತು ಮುಗಿಸಿತು. ನಿನಗೆ ಸುಳ್ಳು ಹೇಳಲಾರೆ. ನೀರು ಹೆಚ್ಚು ಕುಡಿಸಿದರೆ ಹಾಲು ಹೆಚ್ಚಾಗುತ್ತದೆ ಎಂದು ಬರೆಯಲು ನನಗೆ ಆಸೆಯಿತ್ತು, ಪ್ರಾಸವೂ ಸಿಕ್ಕಿತ್ತು. ಹಾಗೆನ್ನಲು ಪುರಾವೆ ಸಾಲದು ಎಂದರು. ಆದರೆ ಬಾಯಾರಿದ ಬಾಣಂತಿಗೆ ನೀರು ಕೊಟ್ಟರೆ ಕೆಡುಕೆಂದು ತೋರಿಸುವ ಅಧ್ಯಯನ ಒಂದೂ ಸಿಗಲಿಲ್ಲ. ತಡೆದರೆ ಏನಾಗಬಹುದು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ‘ಬಾಯಾರಿದಾಗಲೆಲ್ಲ ಬೇಕಾದಷ್ಟು ನೀರು ಕೊಡಿ’ ಎಂದು ಬರೆದೆವು, ಪ್ರಾಸವಿಲ್ಲದೆ. ಅದರ ಕೆಳಗೆ ‘ಹೆಚ್ಚುಕಡಿಮೆಯಾದರೆ ಹೊಣೆ ನಮ್ಮದು’ ಎಂದೂ ಸೇರಿಸಿ ಎಂದು ರಾಮವ್ವನ ಪರವಾಗಿ ಬೇಡಿಕೊಂಡೆ. ಮಾರ್ಗಸೂಚಿಯಲ್ಲಿ ಹಾಗೆ ಬರೆಯಲು ಬರುವುದಿಲ್ಲವಂತೆ. ಮನೆಯ ಕಾಗದದಲ್ಲಿ ಬರುತ್ತದಲ್ಲ, ಇಲ್ಲಿ ಬರೆಯುತ್ತೇನೆ: ಅಮ್ಮೀ, ಹೊಣೆ ನನ್ನದು. ಯಾರಾದರೂ ಕೇಳಿದರೆ ಜುಬೇರ ಕುಡಿಸಲು ಹೇಳಿದ ಎನ್ನು. ಅರ್ಜುವಿನ ಕಣ್ಣಿಗೆ ಕತ್ತಲೆ ಬರುತ್ತದೆ ಎಂದನಲ್ಲ ಶಾಹಿದ, ಅದಕ್ಕೆ ನಾಳೆ ಬೆಳಿಗ್ಗೆ ಅವನ ಜೊತೆ ಅವಳನ್ನು ದವಾಖಾನೆಗೂ ಕಳಿಸು.

ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ನರ್ಗೀಸ ಸಲಾಮು ಹೇಳಿದ್ದಾಳೆ, ಉಪ್ಪಿನ ಮಾತು ಹೇಳಬೇಡ ಎಂದೂ ಹೇಳಿದ್ದಳು, ಬರೆದಾಗಿದೆ. ನಿನ್ನ ದುವಾದಲ್ಲಿ ನನ್ನನ್ನೂ ನೆನೆಯುತ್ತಿರು.

ನಿನ್ನ ಮಗ
ಜುಬೇರ

ತಾ.ಕ.: ಈ ಕಾಗದ ಒಯ್ಯಬೇಕಾದ ಶಾಹಿದ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ‘ಬಸ್ಸು ಹೊಕ್ಕೈತಿ ಭಾಯಿ, ಸಾಕ್ ಮಾಡ್ರಿ’ ಎನ್ನುತ್ತಿದ್ದಾನೆ. ಈ ಕಾಗದವನ್ನು ಒಂದು ಪುಟದಲ್ಲಿ ಮುಗಿಸಬಹುದಿತ್ತು ಅಮ್ಮೀ, ಬೇಕೆಂತಲೇ ಬೆಳೆಸಿದೆ. ಮೊದಲ ಸಾಲು ಓದುವಾಗ ಅರ್ಜುಳ ದನಿ ಹೇಗಿತ್ತು, ಈಗ ಒಣಗಿ ಹೇಗಾಗಿದೆ, ನೀನೇ ಕೇಳಿದ್ದೀ. ಕಣ್ಣು ಮಸುಕಾದರೂ ನಿನ್ನ ಕಿವಿ ಚುರುಕು. ನನ್ನ ಹತ್ತಿರ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಅರ್ಜು, ಇಷ್ಟು ಓದಿಸಿದ್ದಕ್ಕೆ ಭಾಯಿಯನ್ನು ಮಾಫ್ ಮಾಡು. ಇನ್ನು ಓದಬೇಡ, ಕಾಗದ ಕೆಳಗಿಡು. ಅಮ್ಮಿ ಏಳುತ್ತಿದ್ದಾಳೆ.