ಎರಡು ಸಲ ಹಾಡಿದ್ದಕ್ಕೆ ವಾಸಿಯಾದ ನನ್ನ ತಲೆ

ಮಾನ್ಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

ಹಾಡಬಲ್ಲವನಿಗೆ ತಲೆನೋವಿಲ್ಲ ಎಂದು ನೀವು ಬರೆದುಕೊಟ್ಟಿದ್ದೀರಿ. ಹೋದ ತಿಂಗಳು ಹದಿನಾಲ್ಕನೇ ತಾರೀಖಿನ ಆ ಕಾಗದ ನನ್ನ ಮುಂದೆಯೇ ಇದೆ. ಸಹಿ ನಿಮ್ಮದು, ಮೊಹರು ನಿಮ್ಮದು. “ಧ್ವನಿ ಗಟ್ಟಿಯಾಗಿದೆ. ಏರುಶ್ರುತಿಯಲ್ಲಿ ಎರಡು ಸಲ ಹಾಡಿದರು. ನೋವಿನ ದೂರು ಅತಿಶಯವಾದದ್ದು. ವರ್ಗಾವಣೆಯಲ್ಲಿ ವಿಶೇಷ ಪರಿಗಣನೆ ಬೇಕಿಲ್ಲ.” ಆಹಾ! ಬೆಂಗಳೂರಿನ ಆಸ್ಪತ್ರೆಯವರು ಆರು ಗಂಟೆ ಹೊತ್ತು ನನ್ನ ಬುರುಡೆ ತೆರೆದಿಟ್ಟುಕೊಂಡು ಮಾಡಲಾಗದ್ದನ್ನು ನೀವು ನಾಲ್ಕು ವಾಕ್ಯದಲ್ಲಿ ಮಾಡಿ ಮುಗಿಸಿದಿರಿ. ನನ್ನ ತಲೆ ವಾಸಿಯಾಯಿತು! ಏನು ಮಾಡಲಿ, ಆ ಸಂತೋಷದ ಸುದ್ದಿ ಇನ್ನೂ ನನ್ನ ತಲೆಗೆ ಮಾತ್ರ ತಲುಪಿಲ್ಲ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಹಿಂದೂಪುರದ ನೇಕಾರರ ಮನೆಯವನು, ಹೆಸರು ಆದಿನಾರಾಯಣ. ಹೊಟ್ಟೆಪಾಡಿಗೆ ಕಲ್ಯಾಣದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಉಳಿದ ಜನ್ಮವೆಲ್ಲ ನಾಟಕದ್ದು. ಮೂವತ್ತು ವರ್ಷ ಪೌರಾಣಿಕ ನಾಟಕಗಳಲ್ಲಿ ರಾಜಪಾರ್ಟು ಮಾಡಿದೆ. ಪರಿಗಿಯಲ್ಲಿ ತೆಲುಗು, ಗಡಿ ದಾಟಿದರೆ ಕನ್ನಡ. ಮೈಕು ಕೆಟ್ಟ ದಿನವೂ ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡ ಅಜ್ಜಿಗೆ ನನ್ನ ಮಾತು ಕೇಳಿಸದೆ ಹೋದದ್ದಿಲ್ಲ. ನಾಲ್ಕು ವರ್ಷದ ಹಿಂದೆ ಎಡಗಿವಿಯ ಮೇಲೆ, ತಲೆಯೊಳಗೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಕಂಡಿತು. ತೆಗೆದರು. ಕೆಟ್ಟ ಗಡ್ಡೆಯಲ್ಲ, ಪುಣ್ಯವಂತ ಎಂದರು. ತೆರೆದ ಮೂಳೆಯನ್ನು ತಗಡು, ಸ್ಕ್ರೂ ಹಾಕಿ ಮುಚ್ಚಿ, ಮೂರು ತಿಂಗಳಲ್ಲಿ ನೋವು ಹೋಗುತ್ತದೆ ಎಂದು ಹೇಳಿ ಕಳಿಸಿದರು. ಮೂರು ತಿಂಗಳು ಹೋಯಿತು. ನಾಲ್ಕು ವರ್ಷವೂ ಹೋಯಿತು. ನೋವು ಹೋಗಲಿಲ್ಲ.

ಸ್ಕ್ಯಾನ್ ಮಾಡಿದರೆ ಎಲ್ಲ ಸ್ವಚ್ಛ. ಆ ಸ್ವಚ್ಛತೆಯೇ ನನ್ನ ಶತ್ರು. ಕುಂಟುವವನ ಕೈಯಲ್ಲಿ ಕೋಲಿರುತ್ತದೆ, ಕಣ್ಣಿಲ್ಲದವನಿಗೆ ಕಪ್ಪು ಕನ್ನಡಕವಿರುತ್ತದೆ. ನನ್ನ ನೋವು ಯಾವ ವೇಷ ಹಾಕಿಕೊಂಡು ನಿಮ್ಮ ಮುಂದೆ ಬರಬೇಕಿತ್ತು? ಬಾಚಣಿಗೆ ತಗುಲಿದರೆ ಎಡಗಡೆಯ ತಲೆ ಚುರುಗುಟ್ಟುತ್ತದೆ. ಬಗ್ಗಿ ಕಡತದ ಗಂಟು ಎತ್ತಿದರೆ ಒಳಗಿನಿಂದ ಯಾರೋ ಮೊಳೆ ಹೊಡೆದಂತಾಗುತ್ತದೆ. ಕೆಮ್ಮು ಬಂದರೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೆಮ್ಮುತ್ತೇನೆ, ಎಲ್ಲಿ ಹೋಳಾಗಿ ಬಿದ್ದೀತೋ ಎಂದು. ಇದನ್ನೆಲ್ಲ ಕಚೇರಿಯಲ್ಲಿ ಹೇಳಿ ನೋಡಿದ್ದೇನೆ. ನಮ್ಮ ಟೈಪಿಸ್ಟ್ ರಾಜೇಶ್ ಒಳ್ಳೆಯ ಹುಡುಗನೇ, ಆದರೆ ನಾನು ಹಣೆ ಹಿಡಿದು ಗೋಡೆಗೆ ಒರಗಿದ ಕೂಡಲೇ ಅವನು ಚಪ್ಪಾಳೆ ತಟ್ಟುತ್ತಾನೆ. “ಏನಣ್ಣಾ ರಾಜಪಾರ್ಟು, ಇವತ್ತು ಕಿರೀಟ ವಸಿ ಭಾರಾನಾ? ಆಕ್ಟಿಂಗ್ ಸೂಪರ್ ಅಣ್ಣಾ!” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕರೂ ನೋಯುತ್ತದೆ.

ಈಗ ಆ ಹದಿನಾಲ್ಕನೇ ತಾರೀಖಿಗೆ ಬರೋಣ. ಮಿದುಳಿನ ಶಸ್ತ್ರಚಿಕಿತ್ಸೆ ಆದವರಿಗೆ ವರ್ಗಾವಣೆಯಲ್ಲಿ ಆದ್ಯತೆ ಉಂಟು, ಮಂಡಳಿಯ ಕಾಗದ ತನ್ನಿ ಎಂದರು ನಮ್ಮ ಕಚೇರಿಯವರು. ನಾನು ಕೇಳಿದ್ದು ಹಿಂದೂಪುರ ಒಂದೇ. ನನ್ನ ಹೆಂಡತಿ ಬನಶಂಕರಮ್ಮ ಮಗ್ಗ ಬಿಟ್ಟು ನನ್ನ ಜೊತೆ ಬಂದಳು. ಬರುವ ಮುಂಚೆ ಅವಳು ಮಾಡಿದ ತಪ್ಪು ನಮ್ಮವರೆಲ್ಲ ಮಾಡುವ ತಪ್ಪೇ: ದೊಡ್ಡವರ ಮುಂದೆ ಪೆಚ್ಚುಮೋರೆ ಹೊತ್ತು ಹೋಗಬಾರದೆಂದು ನನಗೆ ಗಡ್ಡ ಬೋಳಿಸಿ, ಗಂಜಿ ಹಾಕಿದ ಪಂಚೆ ಉಡಿಸಿ, ಹಣೆಗೆ ಕುಂಕುಮ ಇಟ್ಟು, ತಲೆಯ ಗಾಯದ ಗುರುತು ಕಾಣದಂತೆ ರುಮಾಲು ಸುತ್ತಿಸಿದಳು. ನೀವು ನೋಡಬೇಕಾದದ್ದನ್ನೇ ನಾವು ಮರ್ಯಾದೆಗೆಂದು ಮುಚ್ಚಿಕೊಂಡು ಬಂದೆವು. ನೀವು ಬಿಚ್ಚಿ ತೋರಿಸು ಎನ್ನಲಿಲ್ಲ. ನಮಸ್ಕಾರ ಹೇಳಿದೆ. ಕೋಣೆಯ ಕಿಟಕಿ ಗಾಜು ನಡುಗಿತೇನೋ, ನೀವು ಕಾಗದದಿಂದ ತಲೆ ಎತ್ತಿದಿರಿ.

“ಏಂ ಗೊಂತಯ್ಯಾ ಇದಿ! ನಾಟಕಾಲು ವೇಸ್ತಾರಾ?”

ಏನು ಕಂಠವಯ್ಯಾ ಇದು, ನಾಟಕ ಮಾಡುತ್ತೀರಾ ಎಂದು ಕೇಳಿದಿರಿ. ಹೌದು ಸ್ವಾಮಿ, ಮೂವತ್ತು ವರ್ಷ ವೇಷ ಹಾಕಿದೆ, ಆಪರೇಷನ್ ಆದಮೇಲೆ ಬಿಟ್ಟೆ ಎಂದೆ. ಬಿಟ್ಟದ್ದು ಯಾಕೆಂದು ನೀವು ಕೇಳಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಹಾಡಲು ಉಸಿರು ಕಟ್ಟಿದರೆ ಆ ಒತ್ತಡವೆಲ್ಲ ತಲೆಗೇ ಏರುತ್ತದೆ ಎಂದು ಹೇಳುತ್ತಿದ್ದೆ. ನೀವು ಕೇಳಲಿಲ್ಲ. ನಿಮ್ಮ ಮುಖ ಅರಳಿತ್ತು. ನಿಮ್ಮ ತಂದೆಯವರಿಗೆ ನಾಟಕವೆಂದರೆ ಪ್ರಾಣವಂತೆ. “ಒಕ ಪದ್ಯಂ ಪಾಡಂಡಿ, ವಿಂದಾಂ” ಎಂದಿರಿ. ಒಂದು ಪದ್ಯ ಹಾಡಬೇಕಂತೆ!

ನೀವು ಕೆಟ್ಟವರಲ್ಲ, ಅದು ನನಗೆ ಗೊತ್ತು. ಅದಕ್ಕೇ ಈ ಪತ್ರ ಬರೆಯುವುದು ಕಷ್ಟವಾಗಿದೆ. ನೀವು ಬಲೆ ಬೀಸಲಿಲ್ಲ, ಆಸೆಪಟ್ಟಿರಿ ಅಷ್ಟೆ. ಆದರೆ ನಮ್ಮಂಥವರನ್ನು ಹಾಗೆ ಕೇಳಬಾರದು. ನನಗೆ ಪದ್ಯ ಕಲಿಸಿದವರು ಪರಿಗಿ ಕಡೆಯ ಹಾರ್ಮೋನಿಯಂ ಮೇಷ್ಟ್ರು ಪೆದ್ದಣ್ಣ. ಒಮ್ಮೆ ನೂರಾಮೂರು ಜ್ವರದಲ್ಲಿ ಪರದೆಯ ಹಿಂದೆ ಕಂಬಳಿ ಹೊದ್ದು ಕೂತಿದ್ದೆ. ಅವರು ಬಂದು ಕಂಬಳಿ ಕಿತ್ತು ಹೇಳಿದ್ದು ಇಷ್ಟು: “ಸಭೆ ಕೂತು ಕೇಳ್ದಾಗ ಒಲ್ಲೆ ಅನ್ಬಾರ್ದು ಕಣ್ಲಾ. ಸಾಯೋನಾದ್ರೂ ಎದ್ದು ಹಾಡ್ಬುಟ್ಟು ಆಮ್ಯಾಕೆ ಸಾಯ್ಬೇಕು.” ನಮ್ಮ ಸೀಮೆಯಲ್ಲಿ ಸಭೆ ಒಂದೇ ಸಲಕ್ಕೆ ತೃಪ್ತಿಪಡುವುದೂ ಇಲ್ಲ. ಪದ್ಯ ಹಿಡಿಸಿದರೆ “ವನ್ಸ್ ಮೋರ್” ಎಂದು ಕೂಗುತ್ತದೆ. ಹಾಡಿದವನು ಕಥೆಯನ್ನು ಅಲ್ಲೇ ನಿಲ್ಲಿಸಿ, ಅದೇ ಪದ್ಯವನ್ನು ಮೊದಲಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಎತ್ತಿ ಹಾಡಬೇಕು. ಅಲ್ಲಿಯವರೆಗೆ ಹಾರ್ಮೋನಿಯಂ ಶ್ರುತಿ ಬಿಡುವುದಿಲ್ಲ. ಹಾಡದೆ ಮುಂದಿನ ಮಾತಿಗೆ ಹೋದವನನ್ನು ಮರುವರ್ಷ ಯಾವ ಊರೂ ಕರೆಯುವುದಿಲ್ಲ.

ಹಾಡಿದೆ, ಅಧ್ಯಕ್ಷರೇ. ಕೊನೆಯ ಆಲಾಪಕ್ಕೆ ಬರುವಾಗ ನೀವು ಎರಡೆರಡಾಗಿ ಕಾಣಿಸುತ್ತಿದ್ದಿರಿ. ಮುಗಿಸಿ ಕೈ ಮುಗಿದೆ. ಆಗ ನಿಮ್ಮ ಬಲಗಡೆ ಕೂತಿದ್ದ ಕಿರಿಯ ವೈದ್ಯರು ಪೆನ್ನಿನಿಂದ ಮೇಜು ಕುಟ್ಟಿ ಕೂಗಿದರು: “ವನ್ಸ್ ಮೋರ್!” ಬಾಗಿಲ ಬಳಿ ನಿಂತಿದ್ದ ಬನಶಂಕರಮ್ಮ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದದ್ದು ಕಂಡಿತು. ಕಂಡರೂ ಹಾಡಿದೆ. ಒಂದು ಹಿಡಿ ಹೆಚ್ಚಾಗಿಯೇ ಎತ್ತಿದೆ.

ಆಮೇಲಿನ ಅಂಕ ನೀವು ನೋಡಿಲ್ಲ. ನಿಮ್ಮ ಕಟ್ಟಡದ ಹಿಂದೆ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಂದು ಬೇವಿನ ಮರವಿದೆ. ಅಲ್ಲಿಗೆ ಹೋಗಿ ಬೆಳಗಿನ ಉಪ್ಪಿಟ್ಟು, ಮಾತ್ರೆ, ಎಲ್ಲವನ್ನೂ ಕಾರಿಕೊಂಡೆ. ರುಮಾಲು ಬಿಚ್ಚಿ, ತಲೆಗೆ ಸೆರಗು ಬಿಗಿದು ಕಟ್ಟಿ ತೊಡೆಯ ಮೇಲೆ ಮಲಗಿಸಿಕೊಂಡಳು ಬನಶಂಕರಮ್ಮ. ಅಳುತ್ತಾ ಬೈಯುತ್ತಿದ್ದಳು. “ಆಗಕಿಲ್ಲ ಸ್ವಾಮಿ ಅನ್ನಕ್ಕೆ ನಾಲಿಗೆ ಇರ್ಲಿಲ್ವೇನ್ರೀ? ಕಾಯಿಲೆ ತೋರ್ಸಕ್ಕೆ ಬಂದು ಸಂಗೀತ ಕಚೇರಿ ಮಾಡ್ಬುಟ್ರಲ್ಲ!” ಹನ್ನೊಂದೂವರೆಯಿಂದ ಮೂರರವರೆಗೆ ಅಲ್ಲೇ ಬಿದ್ದಿದ್ದೆ. ಕಿಟಕಿಯಲ್ಲಿ ಬಗ್ಗಿದ್ದರೆ ಸಾಕಿತ್ತು, ನಿಮಗೆ ಬೇಕಾದ ಪುರಾವೆ ಮರದ ಕೆಳಗೆ ಮಲಗಿತ್ತು. ಮೂರು ಗಂಟೆಗೆ ಜವಾನ ಕಾಗದ ತಂದುಕೊಟ್ಟು, “ಅಣ್ಣಾ, ಪದ್ಯ ಅದ್ಭುತಂ” ಎಂದು ಹೊಗಳಿ ಹೋದ.

ಅಷ್ಟಕ್ಕೂ ಹಿಂದೂಪುರವೇ ಯಾಕೆ, ಕಲ್ಯಾಣದುರ್ಗದಲ್ಲಿ ನೋವು ಬೇರೆಯೇ ಎಂದು ಕೇಳುತ್ತೀರಿ. ನೋವು ಅದೇ. ಕೇಳುವ ಕಿವಿ ಬೇರೆ. ಇಲ್ಲಿ ನಾನು ಒಂಟಿ ಕೋಣೆಯಲ್ಲಿದ್ದೇನೆ. ಪಕ್ಕದಲ್ಲೇ ಮನೆಯ ಒಡತಿ ಓಬಮ್ಮ. ಕಂಬದೂರು ಕಡೆಯ ಹೆಂಗಸು, ಕರುಳಿರುವವಳು. ದೀಪಾವಳಿ ಕಳೆದ ಒಂದು ಭಾನುವಾರ ಮಧ್ಯಾಹ್ನ ಬಿಂದಿಗೆ ಎತ್ತಲು ಹೋದವನು ಕುಸಿದು ಬಿದ್ದೆ. ಏಳಲಾಗಲಿಲ್ಲ. ಗೋಡೆಯ ಆಚೆ ಅವಳು ಕಡಲೆಕಾಯಿ ಸುಲಿಯುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು, ನನ್ನ ನರಳಾಟ ಅವಳಿಗೂ ಕೇಳುತ್ತಿತ್ತು. ಎರಡು ಗಂಟೆಯಾದ ಮೇಲೆ ಬಂದು ಬಾಗಿಲು ತಳ್ಳಿದಳು. ನೋಡಿದವಳೇ ಎದೆ ಬಡಿದುಕೊಂಡಳು. “ಅಯ್ಯೋ ನನ್ನಪ್ಪಾ, ನೀನು ನಾಟ್ಕದ ಮಾತು ಕಲೀತಾ ಇದೀಯ ಅನ್ಕಂಡೆ ಕಣಪ್ಪಾ! ಎಷ್ಟು ಚೆಂದ ನರಳ್ತಾನೆ ಅಂತ ಕೇಳ್ತಾ ಕೂತಿದ್ದೆ ಕಣಪ್ಪಾ!”

ನಗು ಬಂತೇ? ರಾಜೇಶನಿಗೂ ಬಂತು. ನಾನೇ ಮೇಳದವರ ಮುಂದೆ ಇದನ್ನು ಅಭಿನಯಿಸಿ ನಗಿಸಿದ್ದೇನೆ. ಆದರೆ ಅಂದಿನಿಂದ ಒಂದು ಭಯ ನನ್ನನ್ನು ಬಿಟ್ಟಿಲ್ಲ. ನಾನು ನರಳಿ ಸಾಯುತ್ತಿದ್ದರೂ ಈ ಊರಿನವರು ಕೂತು ಕೇಳಿ ಮೆಚ್ಚುತ್ತಾರೆ. ತಪ್ಪು ಅವರದಲ್ಲ. ಮೂವತ್ತು ವರ್ಷ ನನ್ನ ಗಂಟಲಿನಿಂದ ಬಂದ ಸಂಕಟವೆಲ್ಲ ಟಿಕೆಟ್ಟಿಲ್ಲದ ನಾಟಕವೇ ಆಗಿತ್ತು. ನಿಜವಾದದ್ದು ಬಂದಾಗ ಅದಕ್ಕೆ ಬೇರೆ ಗಂಟಲು ಎಲ್ಲಿಂದ ತರಲಿ?

ವ್ಯತ್ಯಾಸ ಗೊತ್ತಿರುವವಳು ಒಬ್ಬಳೇ, ಅವಳು ಹಿಂದೂಪುರದಲ್ಲಿದ್ದಾಳೆ. ನಾನು ಕೂಗಾಡಿದರೆ ಬನಶಂಕರಮ್ಮ ಲಾಳಿ ಎಸೆಯುವುದನ್ನು ನಿಲ್ಲಿಸುವುದೇ ಇಲ್ಲ. ನಾನು ಸುಮ್ಮನಾದರೆ ಮಾತ್ರ ಮಗ್ಗ ನಿಲ್ಲುತ್ತದೆ. ಎದ್ದು ಬರುತ್ತಾಳೆ, ಕಿಟಕಿಗೆ ಕಂಬಳಿ ಹಾಕುತ್ತಾಳೆ, ಮಾತ್ರೆ ಕೊಡುತ್ತಾಳೆ, ಬೀದಿಯ ಮಕ್ಕಳನ್ನು ಆಚೆ ಕಳಿಸುತ್ತಾಳೆ. ಇಲ್ಲಿಗೆ ಬಂದಿರು ಎಂದರೆ ಮಗ್ಗವನ್ನು ಬಸ್ಸಿನಲ್ಲಿ ಹಾಕಿಕೊಂಡು ಬರಲಾದೀತೇ? ಆ ಮಗ್ಗ ಹೂಡಿದ ಗುಂಡಿ ಮನೆಯ ನೆಲದಲ್ಲೇ ಇದೆ. ನಾನೇ ಹೋಗಿಬರೋಣವೆಂದರೆ ಮೂರು ತಾಸಿನ ದಾರಿಯಲ್ಲಿ ಬಸ್ಸು ಒಂದೊಂದು ಹಳ್ಳಕ್ಕೆ ಬಿದ್ದಾಗಲೂ ಆ ಸ್ಕ್ರೂಗಳನ್ನು ಮತ್ತೆ ತಿರುವಿದಂತಾಗುತ್ತದೆ. ಹೋದ ಶನಿವಾರ ಹೊರಡುವಾಗ ಫೋನಿನಲ್ಲಿ ಹೇಳಿದೆ: “ಸಂಜೆಗೆ ಬತ್ತೀನಿ ಕಣೇ.” ಅರ್ಧ ದಾರಿಯಲ್ಲೇ ಇಳಿದು, ಮರಳಿ ಬರುವ ಬಸ್ಸು ಹತ್ತಿದೆ.

ವರ್ಗಾವಣೆಯ ಪಟ್ಟಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಆಮೇಲೆ ಎರಡು ವರ್ಷ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಇದು. ಆ ನಾಲ್ಕು ವಾಕ್ಯಗಳನ್ನು ಹೊಡೆದುಹಾಕಿ, ಮಂಡಳಿಗೆ ನನ್ನನ್ನು ಇನ್ನೊಮ್ಮೆ ಕರೆಯಿರಿ. ಶಸ್ತ್ರಚಿಕಿತ್ಸೆ ಮಾಡಿದವರ ಕಾಗದಗಳನ್ನು ಮೊದಲ ಪುಟದಿಂದ ಓದಿ. ರುಮಾಲಿಲ್ಲದೆ ಬರುತ್ತೇನೆ, ಗಾಯದ ಮೇಲೆ ನಿಮ್ಮ ಬೆರಳಿಟ್ಟು ನೋಡಿ. ಬನಶಂಕರಮ್ಮನನ್ನು ಬಾಗಿಲಲ್ಲಿ ನಿಲ್ಲಿಸದೆ ಕುರ್ಚಿ ಕೊಟ್ಟು ಕೂರಿಸಿ, ನನ್ನನ್ನು ಕೇಳುವುದನ್ನೆಲ್ಲ ಅವಳನ್ನು ಕೇಳಿ. ನನ್ನ ಧ್ವನಿ ಅಳೆಯಬೇಡಿ. ಅದು ನನ್ನ ದೇಹದಲ್ಲಿ ಕೆಡದೆ ಉಳಿದಿರುವ ಒಂದೇ ಅಂಗ, ಅದರ ಮಾತು ನಂಬಿದರೆ ಉಳಿದವಕ್ಕೆಲ್ಲ ಅನ್ಯಾಯವಾಗುತ್ತದೆ.

ಮತ್ತು ದಯವಿಟ್ಟು, ಅಧ್ಯಕ್ಷರೇ, ನಿಮ್ಮ ತಂದೆಯವರ ಮೇಲಾಣೆ, ಪದ್ಯ ಕೇಳಬೇಡಿ. ಕೇಳಿದರೆ ಹಾಡಿಬಿಡುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಗುಣಮುಖನಾಗಿ, ಓಬಮ್ಮನ ಒಂಟಿ ಕೋಣೆಯಲ್ಲಿ ಗೋಡೆ ಹಿಡಿದು ನಿಂತಿರುವ
ಆದಿನಾರಾಯಣ, ಅಟೆಂಡರ್
ಕಲ್ಯಾಣದುರ್ಗ